ಪೊಯ್ಸಳರ ನಾಡಿನಲ್ಲಿ ದನಿಗಳ ಲೆಕ್ಕ

ಹಾಸನ ಜಿಲ್ಲೆಯ ಗುಡಿಗಳನ್ನು ನೋಡಲು ಬರುವವರು ಕಲ್ಲಿನ ಕೆತ್ತನೆಗೆ ಬೆರಗಾಗುತ್ತಾರೆ. ಅಲ್ಲಿನ ಊರುಗಳ ಹೆಸರಿನಲ್ಲೂ ಒಂದು ಪುರಾತನ ಕೆತ್ತನೆ ಅಡಗಿದೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ.

ಅರಸೀಕೆರೆ ಎಂಬ ಹೆಸರಿನಲ್ಲಿ ಎರಡು 'ರ'ಗಳಿವೆ. ಇಂದು ಎರಡರ ಉಚ್ಚಾರಣೆಯೂ ಒಂದೇ. ಹಳಗನ್ನಡದಲ್ಲಿ ಹಾಗಿರಲಿಲ್ಲ. ಅರಸಿಯ 'ರ' ಬೇರೆ, ಕೆಱೆಯ 'ಱ' ಬೇರೆ. ಹಳೇಬೀಡಿನ 'ಹಳೆ' ಒಂದು ಕಾಲಕ್ಕೆ 'ಪೞೆ' ಆಗಿತ್ತು. ಇವು ಬರೀ ಲಿಪಿಯ ಬೆಡಗಲ್ಲ. 'ಬಾಳ್' ಎಂದರೆ ಖಡ್ಗ, 'ಬಾೞ್' ಎಂದರೆ ಬದುಕು. 'ಅರಿ' ಎಂದರೆ ಕತ್ತರಿಸು, 'ಅಱಿ' ಎಂದರೆ ತಿಳಿ. ಒಂದು ದನಿ ಬದಲಾದರೆ ಅರ್ಥವೇ ಬದಲಾಗುತ್ತಿತ್ತು. ಹೀಗೆ ಅರ್ಥಭೇದ ಮಾಡುವ ದನಿಯನ್ನೇ ಭಾಷಾವಿಜ್ಞಾನಿಗಳು 'ಧ್ವನಿಮಾ' ಎನ್ನುತ್ತಾರೆ. ಯುರೋಪಿನಲ್ಲಿ ಈ ವಿಚಾರಕ್ಕೆ ಖಚಿತ ರೂಪ ಕೊಟ್ಟ ಟ್ರುಬೆಟ್‌ಸ್ಕಾಯ್ ಅವರ ಗ್ರಂಥ ಪ್ರಕಟವಾದದ್ದು 1939ರಲ್ಲಿ.

ಅದಕ್ಕೂ ಸುಮಾರು ಏಳು ಶತಮಾನ ಮೊದಲೇ, ಕ್ರಿ.ಶ. 1260ರ ಸುಮಾರಿಗೆ, ಕೇಶಿರಾಜ 'ಶಬ್ದಮಣಿದರ್ಪಣ'ವನ್ನು ರಚಿಸಿದ. ಹಳೇಬೀಡು ಆಗ ದೋರಸಮುದ್ರವೆಂಬ ಹೊಯ್ಸಳ ರಾಜಧಾನಿ. ಈತ ಆಸ್ಥಾನದ ಪರಿಸರದಲ್ಲೇ ಬೆಳೆದ ಮನೆತನದವನು: ತಂದೆ 'ಸೂಕ್ತಿಸುಧಾರ್ಣವ'ದ ಮಲ್ಲಿಕಾರ್ಜುನ, ಸೋದರಮಾವ ಕವಿ ಜನ್ನ. ಸಂಸ್ಕೃತದ ವರ್ಣಮಾಲೆಯನ್ನು ಕನ್ನಡಕ್ಕೆ ಹಾಗೆಯೇ ತೊಡಿಸಲು ಆತ ಒಪ್ಪಲಿಲ್ಲ. ಸಂಸ್ಕೃತದ 52 ವರ್ಣಗಳಿಗೆ ಎ, ಒ, ಱ, ೞ, ಳ ಎಂಬ ಐದು ದೇಶೀಯ ವರ್ಣಗಳನ್ನು ಸೇರಿಸಿ, ಅಚ್ಚಗನ್ನಡಕ್ಕೆ ಬೇಡವಾದ ಹತ್ತನ್ನು ಕಳೆದು, 47 ಎಂದು ಲೆಕ್ಕ ಕೊಟ್ಟ. 'ೞ' ಬರುವ ಪದಗಳನ್ನು ಪಟ್ಟಿ ಮಾಡಿಯೂ ಕೊಟ್ಟ. ಆ ಹೊತ್ತಿಗೆ ಜನರ ಬಾಯಲ್ಲಿ ಅದು 'ಳ'ದೊಡನೆ ಬೆರೆತುಹೋಗುತ್ತಿತ್ತು.

ಇನ್ನೊಂದು ಬದಲಾವಣೆ ರಾಜವಂಶದ ಹೆಸರನ್ನೇ ಮುಟ್ಟಿತು. ಶಾಸನಗಳ 'ಪೊಯ್ಸಳ' ಮುಂದೆ 'ಹೊಯ್ಸಳ'ವಾಯಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪನಿ ಹನಿಯಾಯಿತು. ಆದರೆ ಅಪ್ಪ, ತುಪ್ಪ, ತಂಪುಗಳಲ್ಲಿ 'ಪ' ಕದಲಲಿಲ್ಲ. ಬದಲಾವಣೆಗೂ ಕಟ್ಟುಪಾಡಿತ್ತು ಎಂದಾಯಿತು.

'ಕಂಬನಿ'ಯನ್ನು ನೋಡಿ. ಇಂದಿನ 'ಹನಿ'ಯಿಂದ ಹೊರಟರೆ 'ಬ' ಎಲ್ಲಿಂದ ಬಂತೆಂದು ತಿಳಿಯದು. ಕಣ್ + ಪನಿ ಎಂದು ಬಿಡಿಸಿದರೆ, ಶಾಲೆಯಲ್ಲಿ ಕಲಿತ ಆದೇಶ ಸಂಧಿಯಂತೆ 'ಪ' 'ಬ' ಆಗುತ್ತದೆ. ಸಂಧಿ ಮೊದಲು ನಡೆದದ್ದರಿಂದ ಆ ದನಿ 'ಹ' ಆಗದೆ ಉಳಿಯಿತು. ಕ್ರಮ ತಿರುವುಮುರುವಾಗಿದ್ದರೆ ಕಂಬನಿ ಎಂಬ ಮಾತೇ ಇರುತ್ತಿರಲಿಲ್ಲ. ಕೇಳುವ ರೂಪದ ಹಿಂದೆ ಒಂದು ಒಳರೂಪವಿದೆ, ನಿಯಮಗಳು ಅದನ್ನು ಸರದಿಯಂತೆ ಮಾರ್ಪಡಿಸುತ್ತವೆ ಎಂಬ ಮಾದರಿಯನ್ನು ಚಾಮ್‌ಸ್ಕಿ ಮತ್ತು ಹ್ಯಾಲೆ 1968ರಲ್ಲಿ ಇಂಗ್ಲಿಷಿಗೆ ವಿಸ್ತಾರವಾಗಿ ಅನ್ವಯಿಸಿದರು. ಮೂಲರೂಪ, ಆದೇಶ ಎಂಬ ನಮ್ಮ ವ್ಯಾಕರಣದ ಮಾತುಗಳು ಅದಕ್ಕೆ ದೂರದವಲ್ಲ.

ಹಳೆ ಮೈಸೂರಿನ ಹಲವು ಹಳ್ಳಿಗಳಲ್ಲಿ ಈಗಲೂ ಹಾಲು 'ಆಲು', ಹಳೇಬೀಡು 'ಅಳೇಬೀಡು'. ಹೀಗೆ ಆಡುವ ಮಕ್ಕಳನ್ನು ಪೇಟೆಯ ಶಾಲೆಗಳಲ್ಲಿ ಹೀಯಾಳಿಸುವುದುಂಟು. ಅದು ನಾಲಿಗೆಯ ಸೋಮಾರಿತನವಲ್ಲ. 'ಪ' ಹೋಗಿ 'ಹ' ಬಂದ ದಾರಿಯಲ್ಲೇ ಇನ್ನೊಂದು ಹೆಜ್ಜೆ. ಮೊದಲ ಹೆಜ್ಜೆ ಇಟ್ಟವರ ಮೊಮ್ಮಕ್ಕಳು ಎರಡನೆಯದನ್ನು ಕಂಡು ನಗುವುದು ಸಲ್ಲದು.