ಮೆಲಟೋನಿನ್ ಮತ್ತು ಮೂತ್ರಪಿಂಡ ರಕ್ಷಣೆ

ಮಿದುಳಿನ ನಡುವಣ ಪೀನಿಯಲ್ ಗ್ರಂಥಿಯು ಇರುಳಿನಲ್ಲಿ ಸ್ರವಿಸುವ ಹಾರ್ಮೋನು ಮೆಲಟೋನಿನ್. ಇದನ್ನು ದನಗಳ ಗ್ರಂಥಿಗಳಿಂದ 1958ರಲ್ಲಿ ಬೇರ್ಪಡಿಸಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಏರನ್ ಲರ್ನರ್ ಮತ್ತು ಸಂಗಡಿಗರು. ನಿದ್ರೆಯ ನಿಯಾಮಕವೆಂದು ಪ್ರಸಿದ್ಧವಾದ ಈ ದ್ರವ್ಯವು ಪ್ರಬಲ ಉತ್ಕರ್ಷಣನಿರೋಧಕವೂ ಹೌದೆಂಬುದು ಅನಂತರ ವಿದಿತವಾಯಿತು.

ಸ್ಥೂಲಕಾಯ ಹಾಗೂ ಮಧುಮೇಹಗಳಲ್ಲಿ ಮೂತ್ರಪಿಂಡದ ಸೂಕ್ಷ್ಮ ರಕ್ತನಾಳಗುಚ್ಛಗಳ ಮೇಲೆ ಒತ್ತಡವೇರಿ, ಮೂತ್ರದಲ್ಲಿ ಆಲ್ಬುಮಿನ್ ಸೋರತೊಡಗುವುದಲ್ಲದೆ, ಜೀವಕೋಶಗಳೊಳಗಿನ ಮೈಟೊಕಾಂಡ್ರಿಯಗಳು ಶಿಥಿಲವಾಗಿ, ಉರಿಯೂತವೂ ನಾರುಗಟ್ಟುವಿಕೆಯೂ ಕ್ರಮೇಣ ಬಲಿಯುವುವು. ಲೆಪ್ಟಿನ್ ಗ್ರಾಹಕದ ಆನುವಂಶಿಕ ದೋಷದಿಂದ ಎಳವೆಯಲ್ಲಿಯೇ ಕೊಬ್ಬಿ ಮಧುಮೇಹಕ್ಕೆ ತುತ್ತಾಗುವ ಜುಕರ್ ತಳಿಯ ಇಲಿಗಳಿಗೆ ಸ್ಪೇನಿನ ಗ್ರನಾಡ ವಿಶ್ವವಿದ್ಯಾಲಯದ ಸಂಶೋಧಕರು ದಿನವಹಿ, ದೇಹತೂಕದ ಕಿಲೋಗ್ರಾಮಿಗೆ 10 ಮಿಲಿಗ್ರಾಮಿನಂತೆ ಮೆಲಟೋನಿನ್ ಕೊಡಲಾಗಿ, ಒಡೆದು ಚೂರಾಗುತ್ತಿದ್ದ ಮೈಟೊಕಾಂಡ್ರಿಯಗಳು ಮರಳಿ ಕೂಡಿಕೊಳ್ಳುವ ಪ್ರವೃತ್ತಿಯನ್ನು ತೋರಿದುವು. ಅವುಗಳ ಶಕ್ತ್ಯುತ್ಪಾದನೆಯೂ ಸುಧಾರಿಸಿತು.

ಈ ಪ್ರಮಾಣವು ಮನುಷ್ಯರು ನಿದ್ರೆಗಾಗಿ ನುಂಗುವ ಕೆಲವೇ ಮಿಲಿಗ್ರಾಮುಗಳಿಗಿಂತ ಬಹಳ ಅಧಿಕವೆಂಬುದನ್ನು ಉತ್ಸಾಹಿಗಳು ಮರೆಯುವುದುಂಟು. ಅದೂ ಅಲ್ಲದೆ, ಮೆಲಟೋನಿನ್ ಗ್ರಾಹಕದ ಒಂದು ಜೀನ್‌ಭೇದವು ಮಧುಮೇಹದ ಸಂಭವವನ್ನೇ ಹೆಚ್ಚಿಸುವುದೆಂದು ತಿಳಿದಿರುವುದರಿಂದ ಇದನ್ನು ನಿರಪಾಯ ಸಂಜೀವಿನಿಯೆನ್ನಲಾಗದು. ಮಧುಮೇಹಜನ್ಯ ಮೂತ್ರಪಿಂಡರೋಗದ ರೂಢಿಯ ಚಿಕಿತ್ಸೆಯಲ್ಲಿ ಮೆಲಟೋನಿನ್ ಇನ್ನೂ ಸ್ಥಾನ ಪಡೆದಿಲ್ಲ.