ಊರಿನ ಹಿತ ಮತ್ತು ಮತದ ಆಯ್ಕೆ: ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಪಂಚಾಯತಿ ಪರಂಪರೆ

ಸಮುದಾಯ ಎಂಬ ಪದವು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ಹುಟ್ಟಿನಿಂದ ಬಂದ ಕುಲಬಾಂಧವರ ಬಳಗ ಒಂದು. ಒಂದೇ ದಾರಿ, ಒಂದೇ ಕೆರೆ, ಒಂದೇ ಶಾಲೆಯನ್ನು ಹಂಚಿಕೊಂಡು ಬಾಳುವ ಊರಿನ ಬಳಗ ಇನ್ನೊಂದು. ಗ್ರಾಮ ಪಂಚಾಯತಿಯ ಚುನಾವಣೆ ಬಂದಾಗಲೆಲ್ಲ ಇವೆರಡರಲ್ಲಿ ಯಾವುದನ್ನು ಮುಂದಿಡಬೇಕೆಂಬ ಪ್ರಶ್ನೆ ಮತದಾರನ ಮುಂದೆ ನಿಲ್ಲುತ್ತದೆ. ನಾಮಧಾರಿ, ಹಾಲಕ್ಕಿ, ಹವ್ಯಕ, ನವಾಯತ, ಖಾರ್ವಿ, ಕ್ರೈಸ್ತ ಮೊದಲಾದ ಅನೇಕ ಜನವರ್ಗಗಳು ಅಕ್ಕಪಕ್ಕದಲ್ಲಿ ನೆಲೆಸಿರುವ ಉತ್ತರ ಕನ್ನಡದ ಕರಾವಳಿಯಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೂಕವಿದೆ.

ಉತ್ತರ ಕನ್ನಡವು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1884ರ ಮುಂಬಯಿ ಲೋಕಲ್ ಬೋರ್ಡ್ ಕಾಯ್ದೆಯಿಂದ ತಾಲೂಕು ಮತ್ತು ಜಿಲ್ಲಾ ಬೋರ್ಡುಗಳು ರೂಪುಗೊಂಡರೂ ಮತದ ಹಕ್ಕು ಆಸ್ತಿ, ತೆರಿಗೆಗಳ ಅರ್ಹತೆಯುಳ್ಳ ಕೆಲವರಿಗಷ್ಟೇ ಮೀಸಲಾಗಿತ್ತು. 1956ರಲ್ಲಿ ಜಿಲ್ಲೆಯು ಏಕೀಕೃತ ಮೈಸೂರು ರಾಜ್ಯವನ್ನು ಸೇರಿದ ಮೇಲೆ, 1959ರ ಕಾಯ್ದೆಯು ರಾಜ್ಯಕ್ಕೆಲ್ಲ ಏಕರೂಪದ ಪಂಚಾಯತಿ ವ್ಯವಸ್ಥೆಯನ್ನು ತಂದಿತು.

ಜಿಲ್ಲೆಯ ಮತದಾರರು ಚಿಹ್ನೆಗಿಂತ ಸೇವೆಯನ್ನು ಕಂಡು ಮತ ನೀಡಬಲ್ಲರೆಂಬುದಕ್ಕೆ 1967ರ ಲೋಕಸಭಾ ಚುನಾವಣೆ ನಿದರ್ಶನವಾಗಿದೆ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಶಿಕ್ಷಣವನ್ನು ಹಳ್ಳಿಗಳತ್ತ ಒಯ್ದ ಚುಟುಕು ಕವಿ ದಿನಕರ ದೇಸಾಯಿಯವರು ಅಂದು ಪಕ್ಷೇತರರಾಗಿ ನಿಂತು ಗೆದ್ದರು.

ಇದೇ ಜಿಲ್ಲೆಯ ಸಿದ್ದಾಪುರ ತಾಲೂಕಿನ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದಾಗ, ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುಂದಾಳುತನದಲ್ಲಿ 1983ರ ಕಾಯ್ದೆ ರೂಪುಗೊಂಡಿತು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದು, ಶೇಕಡಾ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಸಂವಿಧಾನದ 73ನೆಯ ತಿದ್ದುಪಡಿಯ ನಂತರ ಬಂದ 1993ರ ಕಾಯ್ದೆಯು ಗ್ರಾಮ ಪಂಚಾಯತಿಯ ಚುನಾವಣೆಯನ್ನು ಪಕ್ಷಗಳ ಚಿಹ್ನೆಯಿಂದ ದೂರವಿಟ್ಟಿತು. ಮಲೆ, ಹೊಳೆಗಳ ನಡುವೆ ಊರುಗಳು ಚದುರಿರುವುದನ್ನು ಗಮನಿಸಿ, ಉತ್ತರ ಕನ್ನಡದಂತಹ ಜಿಲ್ಲೆಗಳಲ್ಲಿ 2,500 ಜನಸಂಖ್ಯೆಗೂ ಪಂಚಾಯತಿ ರಚಿಸಲು ಅವಕಾಶವಿತ್ತಿತು.

ಈ ವ್ಯವಸ್ಥೆಯಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಒಂದು ಸೂಕ್ಷ್ಮವಿದೆ. ಒಂದು ಕ್ಷೇತ್ರಕ್ಕೆ ಎಷ್ಟು ಸ್ಥಾನಗಳಿವೆಯೋ ಅಷ್ಟು ಮತಗಳು ಪ್ರತಿಯೊಬ್ಬ ಮತದಾರನಿಗಿವೆ. ಆದರೆ ಒಬ್ಬ ಅಭ್ಯರ್ಥಿಗೆ ಒಂದಕ್ಕಿಂತ ಹೆಚ್ಚು ಮತ ಕೊಡುವಂತಿಲ್ಲ. ಮೂರು ಸ್ಥಾನಗಳಿರುವಲ್ಲಿ ತನ್ನವನೊಬ್ಬನಿಗೆ ಮಾತ್ರ ಮತವಿತ್ತು ಉಳಿದೆರಡನ್ನು ಹಾಗೆಯೇ ಬಿಡುವವನು ಊರಿನ ಇಬ್ಬರು ಪ್ರತಿನಿಧಿಗಳ ಆಯ್ಕೆಯನ್ನು ಪರರಿಗೆ ಒಪ್ಪಿಸಿದಂತೆ. ಬಂಧುವನ್ನು ಬಿಡಬೇಕೆಂದು ಕಾನೂನು ಹೇಳುವುದಿಲ್ಲ. ಬಂಧುವಲ್ಲದವನ ಯೋಗ್ಯತೆಯನ್ನೂ ನೋಡಲು ಎಡೆಮಾಡಿಕೊಡುತ್ತದೆ.

ಕುಮಟಾ ತಾಲೂಕಿನಲ್ಲಿ ಅಘನಾಶಿನಿಯ ಅಳಿವೆಯ ಬದಿಗೆ ಗಜನಿ ಗದ್ದೆಗಳಿವೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಅಲ್ಲಿ ಬೆಳೆಯುತ್ತಾರೆ. ಒಡ್ಡು ಒಡೆದರೆ ಸಮುದ್ರದ ನೀರು ಯಾರ ಗದ್ದೆ ಯಾವ ಕುಲದ್ದೆಂದು ವಿಚಾರಿಸಿ ನುಗ್ಗುವುದಿಲ್ಲ. ಪಂಚಾಯತಿಯ ಹೊಣೆಗಳಾದ ಕುಡಿಯುವ ನೀರು, ಬೀದಿದೀಪ, ಚರಂಡಿ, ಹಳ್ಳಿಯ ರಸ್ತೆಗಳೂ ಇಂತಹವೇ. ಇವುಗಳ ಲಾಭನಷ್ಟ ಎಲ್ಲರದು.

ಊರಿನ ಹೆಸರಿನಲ್ಲಿಯೇ ಊರಿನ ಹಕ್ಕು ಕಳೆದುಹೋಗುವುದೂ ಉಂಟು. 2020ರ ಡಿಸೆಂಬರಿನ ಚುನಾವಣೆಯ ಸಮಯದಲ್ಲಿ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯಸ್ಥಾನಗಳನ್ನು ಹರಾಜು ಹಾಕಿದ ಸುದ್ದಿಗಳು ಪ್ರಕಟವಾದವು. ಆ ಹಣದಿಂದ ದೇವಾಲಯ ಕಟ್ಟುವೆವೆಂದು ಹೇಳಿದರೂ ಅದು ಸಮುದಾಯದ ಹಿತವೆನಿಸದು. ಹಣವುಳ್ಳವನು ಸ್ಥಾನವನ್ನು ಕೊಂಡಲ್ಲಿ ಬಡವನ ಮತಕ್ಕೆ ಬೆಲೆಯೇ ಉಳಿಯುವುದಿಲ್ಲ. ಕೊಂಡವನಿಂದ ಲೆಕ್ಕ ಕೇಳುವ ಅಧಿಕಾರವೂ ಊರಿಗೆ ಉಳಿಯುವುದಿಲ್ಲ.

ಲೆಕ್ಕ ಕೇಳುವ ಪದ್ಧತಿ ಬಹು ಪ್ರಾಚೀನವಾದುದು. ತಮಿಳುನಾಡಿನ ಉತ್ತರಮೇರೂರಿನಲ್ಲಿರುವ, ಚೋಳ ಪರಾಂತಕನ ಕಾಲದ ಹತ್ತನೆಯ ಶತಮಾನದ ಶಾಸನಗಳು ಹೆಸರಿನ ಓಲೆಗಳನ್ನು ಗಡಿಗೆಯಲ್ಲಿ ಹಾಕಿ ಎತ್ತುವ ಕ್ರಮವನ್ನು ವಿವರಿಸುತ್ತವೆ. ಲೆಕ್ಕ ಒಪ್ಪಿಸದವನೂ ಅವನ ಹತ್ತಿರದ ಬಂಧುಗಳೂ ಆಯ್ಕೆಗೆ ಅನರ್ಹರಾಗಿದ್ದರು. ಆದರೆ ಆ ಸಭೆಯ ಬಾಗಿಲು ಭೂಮಿಯುಳ್ಳ ಬ್ರಾಹ್ಮಣರಿಗೆ ಮಾತ್ರ ತೆರೆದಿತ್ತು. ನಾನಾ ಕಾಯಕದ ಸ್ತ್ರೀಪುರುಷರು ಸಮಾನರಾಗಿ ಕೂಡುವ ಆದರ್ಶವನ್ನು ಹನ್ನೆರಡನೆಯ ಶತಮಾನದ ಶರಣರು ಮುಂದಿಟ್ಟರು. ಇಂದಿನ ಗ್ರಾಮಸಭೆಯಲ್ಲಿ ಊರಿನ ಪ್ರತಿಯೊಬ್ಬ ಮತದಾರನಿಗೂ ಕಾನೂನು ಅಂತಹ ಸ್ಥಾನವನ್ನು ನೀಡಿದೆ.

ಮತ ಹಾಕುವುದು ಒಂದು ದಿನದ ಕಾರ್ಯ. ಆರಿಸಿದವರಿಂದ ಐದು ವರ್ಷ ಲೆಕ್ಕ ಕೇಳುವುದು ನಿತ್ಯದ ಕಾಯಕ. ಅಭ್ಯರ್ಥಿಯು ಯಾರ ಮಗನೆಂದು ಕೇಳುವ ಮೊದಲು, ತನಗೆ ಮತ ನೀಡದವರ ಕೇರಿಗೂ ನೀರು ತರಬಲ್ಲನೇ ಎಂದು ಕೇಳುವ ಮತದಾರನೇ ಸಮುದಾಯವನ್ನು ನಿಜವಾಗಿ ಮುಂದಿಟ್ಟವನು.