ಪುರುಷ ಬಂಜೆತನ ಮತ್ತು ಹಾರ್ಮೋನ್ ಪರೀಕ್ಷೆ

ಪುರುಷ ಬಂಜೆತನದ ಕಾರಣ ಪತ್ತೆಹಚ್ಚಲು ರಕ್ತದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳಾದ ಎಫ್‌ಎಸ್‌ಎಚ್, ಎಲ್‌ಎಚ್ ಮತ್ತು ವೃಷಣದ ಟೆಸ್ಟೋಸ್ಟಿರಾನ್‌ಗಳನ್ನು ಅಳೆಯುವ ಕ್ರಮವಿದೆ. ಮುಂಬಯಿಯ ಪರೇಲ್‌ನಲ್ಲಿ 1970ರಲ್ಲಿ ಸ್ಥಾಪನೆಯಾದ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆ 1986ರಲ್ಲಿ ಕೆಇಎಂ ಆಸ್ಪತ್ರೆಯೊಡನೆ ಪ್ರನಾಳ ಶಿಶುವಿನ ಜನನ ಸಾಧ್ಯವಾಗಿಸಿ ಹೆಸರಾಯಿತು. ವೃಷಣದ ಇನ್‌ಹಿಬಿನ್ ಹಾರ್ಮೋನಿನ ಬಗ್ಗೆ ಅಲ್ಲಿ ನಡೆದ ಅಧ್ಯಯನ ಈ ಪರೀಕ್ಷೆಯ ಮಟ್ಟಿಗೆ ಅಷ್ಟೇ ಮಹತ್ವದ್ದು. ವೀರ್ಯಾಣು ಉತ್ಪಾದನೆ ಕುಸಿದರೆ ಇನ್‌ಹಿಬಿನ್ ಇಳಿಯುತ್ತದೆ, ಅದರ ತಡೆ ತಪ್ಪಿದ ಎಫ್‌ಎಸ್‌ಎಚ್ ಏರುತ್ತದೆ. ಹೀಗೆ ಏರಿದ ಎಫ್‌ಎಸ್‌ಎಚ್ ವೃಷಣದ ದೋಷವನ್ನು ತೋರಿದರೆ, ಮೂರೂ ತಗ್ಗಿದ್ದಲ್ಲಿ ದೋಷ ಪಿಟ್ಯುಟರಿ ಅಥವಾ ಹೈಪೋಥಲಮಸ್‌ನದು. ಹಾರ್ಮೋನ್ ಚುಚ್ಚುಮದ್ದಿನಿಂದ ಹೆಚ್ಚಾಗಿ ಸರಿಹೋಗುವುದು ಇದೇ.

ವೀರ್ಯ ಪರೀಕ್ಷೆಗೆ ಗಂಡಸರು ಮುಜುಗರಪಡುವುದರಿಂದ ರಕ್ತಪರೀಕ್ಷೆಯೊಂದೇ ಸಾಲದೇ ಎಂಬ ವಾದವಿದೆ. ಜಪಾನಿನ ತೋಹೋ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಹಾರ್ಮೋನ್ ಅಂಕಿಗಳಿಂದಲೇ ಬಂಜೆತನದ ಅಪಾಯ ಊಹಿಸುವ ಕೃತಕ ಬುದ್ಧಿಮತ್ತೆಯ ಮಾದರಿ ಪ್ರಕಟಿಸಿದರು. ನಿಖರತೆ ಸುಮಾರು ಶೇಕಡಾ 74. ಮೊದಲ ಜರಡಿಯಾಗಿ ಇದು ಸ್ವಾಗತಾರ್ಹ, ವೀರ್ಯ ಪರೀಕ್ಷೆಗೆ ಬದಲಿಯಲ್ಲ. ವೀರ್ಯನಾಳ ಮುಚ್ಚಿದವರಲ್ಲಿ, ವೀರ್ಯಾಣು ಬಲಿಯುವುದು ಅರ್ಧಕ್ಕೇ ನಿಂತವರಲ್ಲಿ ಎಫ್‌ಎಸ್‌ಎಚ್ ಸಹಜವಾಗಿಯೇ ಇರಬಹುದು. ಎಫ್‌ಎಸ್‌ಎಚ್ ತುಂಬ ಏರಿದ್ದರೂ ಸೂಕ್ಷ್ಮ ಶಸ್ತ್ರಕ್ರಿಯೆಯಲ್ಲಿ ವೀರ್ಯಾಣು ಸಿಗುವುದುಂಟು. ಟೆಸ್ಟೋಸ್ಟಿರಾನ್ ಅಂತೂ ಬೆಳಗ್ಗೆ ಹೆಚ್ಚು, ಸಂಜೆಗೆ ಕಡಿಮೆ. ಜಿಮ್‌ನಲ್ಲಿ ಅದರದೇ ಚುಚ್ಚುಮದ್ದು ಪಡೆದವನ ವರದಿಯಲ್ಲಿ ಟೆಸ್ಟೋಸ್ಟಿರಾನ್ ಭರ್ಜರಿಯಾಗಿದ್ದು, ಎಲ್‌ಎಚ್, ಎಫ್‌ಎಸ್‌ಎಚ್ ನೆಲಕಚ್ಚಿ, ವೀರ್ಯಾಣು ಸೊನ್ನೆಯಾಗಿರಬಹುದು.